ಆಡು, ಗುಂಡಿ ಮತ್ತು ನಮ್ಮ ಅಕ್ಕೋರು

ನಮ್ಮ ಅಕ್ಕೋರ ಎಡಗೈಯ ಕಿರುಬೆರಳು ಯಾವಾಗಲೂ ಸುಣ್ಣದಲ್ಲಿ ಅದ್ದಿ ತೆಗೆದಷ್ಟು ಬೆಳ್ಳಗಿರುತ್ತಿತ್ತು. ಕರಿಹಲಗೆಯ ಮೇಲೆ ಬರೆಯುವಾಗ ಆ ಬೆರಳನ್ನು ಹಲಗೆಗೆ ಅಡ್ಡ ಒತ್ತಿ ಹಿಡಿದು, ಅದರ ಅಂಚಿಗೇ ಬಲಗೈಯ ಸೀಮೆಸುಣ್ಣ ಓಡಿಸುತ್ತಿದ್ದರು. ಬೆರಳು ಸರಿದಂತೆ ಅಕ್ಷರವೂ ಸರಿಯುತ್ತಿತ್ತು. ಸಾಲು ಎಳೆದ ದಾರದಂತೆ ನೆಟ್ಟಗೆ ಬರುತ್ತಿತ್ತು. ಎರಡು ಕಣ್ಣೂ ನೆಟ್ಟಗಿದ್ದ ನಮ್ಮ ಗಣಿತದ ಮಾಸ್ತರರ ಸಾಲು ಮಾತ್ರ ಬೈಲಹೊಂಗಲದಲ್ಲಿ ಹೊರಟು ಸವದತ್ತಿ ಗುಡ್ಡ ಹತ್ತುತ್ತಿತ್ತು.

ನಮ್ಮ ಕಡೆ ಸಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆಲ್ಲ ಅಕ್ಕೋರು ಎನ್ನುತ್ತಾರೆ. ನಮ್ಮ ಹೈಸ್ಕೂಲಿನಲ್ಲಿ ಇಂಗ್ಲಿಷ್ ಅಕ್ಕೋರು, ಹಿಂದಿ ಅಕ್ಕೋರು ಎಂದು ಬೇರೆ ಬೇರೆ ಇದ್ದರು. ಹಿಂದೆ ಮುಂದೆ ಏನೂ ಹಚ್ಚದೆ ಬರೀ ‘ಅಕ್ಕೋರು’ ಎಂದರೆ ಸಮಾಜ ವಿಜ್ಞಾನ ಕಲಿಸುವ ಇವರೊಬ್ಬರೇ. ಇವರಿಗೆ ಕಣ್ಣು ಕಾಣುತ್ತಿರಲಿಲ್ಲ. ಚಿಕ್ಕವರಿದ್ದಾಗ, ಕನ್ನಡ ಸಾಲೆಯ ಕೊನೆಯ ವರ್ಷದಲ್ಲಿ, ಜ್ವರ ಬಂದು ದೃಷ್ಟಿ ಹೋಯಿತಂತೆ. ಅಷ್ಟರಲ್ಲಿ ಅಕ್ಷರಗಳೆಲ್ಲ ಕೈಗೆ ಕುಳಿತಿದ್ದವು, ಅವು ಎಲ್ಲಿಗೂ ಹೋಗಲಿಲ್ಲ. ದಿನಾ ಎಂ.ಕೆ. ಹುಬ್ಬಳ್ಳಿಯಿಂದ ಬೈಲಹೊಂಗಲದ ನಮ್ಮ ಸಾಲೆಗೆ ಬಸ್ಸಿಗೆ ಬರುತ್ತಿದ್ದರು. ಗಂಡ ಅಲ್ಲಿಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕಡೆ ಕೆಲಸಕ್ಕಿದ್ದರು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕು ಬಸ್ಸು ತಡವಾದರೆ, ತರಗತಿಗೆ ಬಂದವರೇ, “ಇವತ್ತ ನನ್ನ ಮುಂದ ಬರೇ ಕಬ್ಬು ನಡದಿತ್ತ. ಇರಲಿ, ನಿಮ್ಮ ಗಾಡಿ ಎಲ್ಲಿ ಮಟ ಬಂದೈತಿ ಹೇಳ್ರಿ” ಎಂದು ಪಾಠಕ್ಕಿಳಿಯುತ್ತಿದ್ದರು.

ನಾನು ಅವರ ಕೈಯಲ್ಲಿ ಒಂಬತ್ತು, ಹತ್ತು ಓದಿದವನು. ಅವರು ಕಲಿಸುವ ರೀತಿಯೇ ಬೇರೆ. ಪುಸ್ತಕದಲ್ಲಿ ಚಿತ್ರ ಬಂದಿತೆಂದರೆ ಪಾಠ ನಿಂತಿತು ಅಂತಲೇ ಲೆಕ್ಕ. “ನನಗ ಕಾಣೂದಿಲ್ಲ, ನಿಮಗ ಕಾಣತೈತಿ. ಏನೈತಿ ಹೇಳ್ರಿ” ಎನ್ನುತ್ತಿದ್ದರು. ಯಾರೋ ಎದ್ದು, “ಕ್ವಾಟಿ ಐತ್ರಿ” ಎಂದರೆ ಅಷ್ಟಕ್ಕೆ ಬಿಡುತ್ತಿರಲಿಲ್ಲ. “ಕ್ವಾಟಿ ಅಂದ್ರ ಹೆಂಗ? ಗ್ವಾಡಿ ನಿಂತಾವೋ, ಬಿದ್ದಾವೋ? ಕಲ್ಲು ಕರೇವೋ, ಕೆಂಪೋ? ನೆರಳು ಯಾವ ಕಡೆ ಬಿದ್ದೈತಿ?” ನಾವೆಲ್ಲ ಕಿತ್ತೂರಿಗೆ ಟ್ರಿಪ್ಪಿಗೆ ಹೋಗಿ ಕೋಟೆಯ ಗೋಡೆಗೆ ಬೆನ್ನು ಕೊಟ್ಟು ಚುರುಮುರಿ ತಿಂದು ಬಂದವರು. ಆ ಗೋಡೆ ಹೇಗಿದೆ ಎಂದು ಸರಿಯಾಗಿ ನೋಡಿದ್ದು ಈ ಅಕ್ಕೋರಿಗೆ ಹೇಳುವಾಗಲೇ. ಅವರಿಗೆ ಕಾಣದ್ದರಿಂದ ನಾವು ಕಣ್ಣು ಬಿಟ್ಟು ನೋಡಲು ಕಲಿತೆವು. ಇದು ನನಗೆ ಆಗ ಗೊತ್ತಾಗಿರಲಿಲ್ಲ, ಆಗ ಗೊತ್ತಾಗಿದ್ದು ಪೀರಿಯಡ್ ಬೇಗ ಮುಗಿಯುತ್ತದೆ ಎನ್ನುವುದಷ್ಟೇ.

ಓದು ಮುಗಿಸಿ ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಹತ್ತಿರ ನಾನೊಂದು ಕಂಪ್ಯೂಟರ್ ಅಂಗಡಿ ಇಟ್ಟೆ. ಮಾರುವುದು, ರಿಪೇರಿ ಮಾಡುವುದು, ಜೊತೆಗೆ ಬೆಂಗಳೂರಿನ ಒಂದು ಸಣ್ಣ ಕಂಪನಿಯ ಏಜೆಂಟಿಕೆ. ಆ ಕಂಪನಿ ಸಾಲೆಗಳಿಗೆ ವೀಡಿಯೊ ಪಾಠದ ವೆಬ್‌ಸೈಟು ಕೊಡುತ್ತಿತ್ತು. ಗೋಡೆಯ ಮೇಲೆ ದೊಡ್ಡ ಪರದೆ, ಮೇಜಿನ ಮೇಲೆ ಲ್ಯಾಪ್‌ಟಾಪು. ಮಾಸ್ತರರು ಪಾಠ ಆರಿಸಿ ಬಟನ್ ಒತ್ತಿದರೆ ಹುಡುಗರಿಗೆ ಸಿನಿಮಾ. ನಮ್ಮ ಹೈಸ್ಕೂಲಿಗೂ ನಾನೇ ಅದನ್ನು ಜೋಡಿಸಿಕೊಟ್ಟೆ, ಹಾರ ಹಾಕಿಸಿಕೊಂಡೆ, ಫೋಟೊ ತೆಗೆಸಿಕೊಂಡೆ. ವೇದಿಕೆಯಿಂದ ಕೆಳಗಿಳಿದು ಬರುವಾಗ ಅಕ್ಕೋರು ಬಾಗಿಲಲ್ಲಿ ನಿಂತಿದ್ದರು.

“ತಮ್ಮಾ, ಭಾಳ ಚೊಲೊ ಆತು. ಇದು ನಮ್ಮ ವದರಪ್ಪನ ಜೋಡಿ ಮಾತಾಡತೈತೇನು?”

ವದರಪ್ಪ ಎಂದರೆ ಅವರ ಕಂಪ್ಯೂಟರಿನಲ್ಲಿದ್ದ ಸ್ಕ್ರೀನ್ ರೀಡರ್. ಪರದೆಯ ಮೇಲೆ ಇರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ. ಒಂದೇ ರಾಗದಲ್ಲಿ ಒದರುತ್ತಿದ್ದುದರಿಂದ ಅವರು ಅದಕ್ಕೆ ಈ ಹೆಸರಿಟ್ಟಿದ್ದರು. ವದರಪ್ಪನ ನೆರವಿನಿಂದಲೇ ಅವರು ಪ್ರಶ್ನೆಪತ್ರಿಕೆ ಟೈಪು ಮಾಡುತ್ತಿದ್ದರು, ಪೇಪರು ಓದುತ್ತಿದ್ದರು, ಮಗಳಿಗೆ ಮೇಲ್ ಬರೆಯುತ್ತಿದ್ದರು. ನಾನು, “ಮಾತಾಡತೈತ್ರಿ, ಯಾಕ ಮಾತಾಡೂದಿಲ್ಲ?” ಎಂದುಬಿಟ್ಟೆ. ಅಂಗಡಿಕಾರನ ಬಾಯಿಗೆ ‘ಇಲ್ಲ’ ಎನ್ನುವ ಶಬ್ದ ಸುಲಭಕ್ಕೆ ಬರುವುದಿಲ್ಲ.

ಮಾತಾಡಲಿಲ್ಲ. ಮಾತಾಡಿತು ಅಂತಲೂ ಹೇಳಬಹುದು, ಆದರೆ ಒಂದೇ ಮಾತು. ಅಕ್ಕೋರು ಒಂದೊಂದೇ ಕೀಲಿ ಒತ್ತಿ ಮುಂದೆ ಹೋದಂತೆ ವದರಪ್ಪ, “ಬಟನ್. ಬಟನ್. ಬಟನ್. ಬಟನ್” ಎನ್ನುತ್ತಿದ್ದ. ಕಣ್ಣಿದ್ದವರಿಗೆ ಅಲ್ಲಿ ತ್ರಿಕೋನ, ಎರಡು ಗೆರೆ, ಕಸದಬುಟ್ಟಿ ಎಂದು ಚಿತ್ರಗಳು ಕಾಣುತ್ತವೆ. ಆ ಚಿತ್ರಗಳಿಗೆ ಒಳಗಿನಿಂದ ಹೆಸರು ಬರೆದಿಡಬೇಕು, ಆಗಲೇ ರೀಡರ್ ಓದುತ್ತದೆ. ಕಂಪನಿಯವರು ಬರೆದಿರಲಿಲ್ಲ. ಯಾವ ಬಟನ್ ಏನು ಮಾಡುತ್ತದೆ ಎಂದು ತಿಳಿಯಬೇಕಾದರೆ ಒತ್ತಿಯೇ ನೋಡಬೇಕು. ಅಕ್ಕೋರು ಒತ್ತಿ ನೋಡಿದರು. ವಿಜ್ಞಾನದ ಮಾಸ್ತರರು ವಾರವಿಡೀ ಕುಳಿತು ಜೋಡಿಸಿಟ್ಟಿದ್ದ ಕಪ್ಪೆಯ ಪಾಠ ಅಳಿಸಿಹೋಯಿತು.

“ನನ್ನ ಕಪ್ಪಿ ಎಲ್ಲಿ ಹೋತ್ರಿ?” ಎಂದು ಮಾಸ್ತರರು ಸ್ಟಾಫ್‌ರೂಮಿನಲ್ಲಿ ಹುಡುಕಾಡಿದ್ದನ್ನು ಅಕ್ಕೋರೇ ನನ್ನ ಅಂಗಡಿಗೆ ಬಂದು ನಕ್ಕು ನಕ್ಕು ಹೇಳಿದರು. ನಕ್ಕು ಮುಗಿದ ಮೇಲೆ ಸ್ಟೂಲಿನ ಮೇಲೆ ಕುಳಿತು ಉಳಿದದ್ದನ್ನು ಹೇಳಿದರು. ಹೆಡ್‌ಮಾಸ್ತರರು ಕರೆದು ಮಾತಾಡಿದ್ದರಂತೆ. ಒಳ್ಳೆಯ ಮನುಷ್ಯ, ಒಳ್ಳೆಯ ಮಾತಿನಲ್ಲೇ ಹೇಳಿದ್ದರು. ಮುಂದಿನ ವರ್ಷದಿಂದ ಎಲ್ಲ ಪಾಠವೂ ಪರದೆಯ ಮೇಲೆ ನಡೆಯಬೇಕು. ಅಕ್ಕೋರಿಗೆ ಒಬ್ಬ ಹುಡುಗ ಪಕ್ಕದಲ್ಲಿ ಕುಳಿತು ಬಟನ್ ಒತ್ತಲಿ. ಅದು ಬೇಡವೆಂದರೆ ಒಂಬತ್ತು, ಹತ್ತನೆಯ ತರಗತಿ ಬೇರೆಯವರು ನೋಡಿಕೊಳ್ಳಲಿ, ಅಕ್ಕೋರು ಗ್ರಂಥಾಲಯದಲ್ಲಿ ಆರಾಮಾಗಿ ಕುಳಿತುಕೊಳ್ಳಲಿ.

“ಹುಡುಗ ಒತ್ತಿದ್ರ ಏನಾಗತೈತ್ರಿ ಅಕ್ಕೋರ?” ಎಂದೆ. ನನಗೆ ಜಗಳ ಎಂದರೆ ಅಲರ್ಜಿ. ಹುಡುಗ ಒತ್ತಿದರೆ ಎಲ್ಲರಿಗೂ ಸುಖ.

“ಪಾಠ ಹಚ್ಚೂದು ದೊಡ್ಡ ಮಾತಲ್ಲೋ. ಎಲ್ಲೆ ನಿಲ್ಲಸಬೇಕು ಅನ್ನೂದ ಮಾಸ್ತರಕಿ. ವೀಡಿಯೊದಾಗಿನ ಆ ಹೆಣ್ಣಮಗಳು ಕಿತ್ತೂರು ಕ್ವಾಟಿ ಅಂತ ಒಂದ ಉಸುರಿನ್ಯಾಗ ಹೇಳಿ ಮುಂದ ಹೊಕ್ಕಾಳ. ಅಲ್ಲೆ ನಾ ಟಕ್ಕನ ನಿಲ್ಲಸಬೇಕು, ಏನೈತಿ ಹೇಳ್ರಿ ಅಂತ ಕೇಳಬೇಕು. ಹುಡುಗಗ ನಿಲ್ಲಸೋ ಅಂದು, ಅವಾ ನಿಲ್ಲಸೂದ್ರಾಗ ಕ್ವಾಟಿ ಮುಗದು ಸಕ್ಕರಿ ಫ್ಯಾಕ್ಟ್ರಿ ಬಂದಿರತೈತಿ.” ಆಮೇಲೆ ಕೆಳದನಿಯಲ್ಲಿ, “ಗ್ರಂಥಾಲಯದಾಗ ಕುಂದರ್ಸತಾರಂತ ತಮ್ಮಾ. ನಾ ಏನ್ ಪುಸ್ತಕ ಆಗೇನೇನು?” ಎಂದರು.

ಅವರು ನಗುತ್ತಲೇ ಅಂದಿದ್ದರು. ತರಗತಿ ಇಲ್ಲದ ಅಕ್ಕೋರನ್ನು ನನಗೆ ಊಹಿಸಲು ಆಗಲಿಲ್ಲ.

ಅಲ್ಲಿಂದ ಶುರುವಾಯಿತು ಅವರ ಮತ್ತು ಕಂಪನಿಯ ಮುಖಾಮುಖಿ. ಮೊದಲು ಮೇಲ್ ಬರೆದರು. ಮಾರುತ್ತರ ಕೂಡಲೇ ಬಂತು: ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ.’ ವದರಪ್ಪ ಅದನ್ನು ಓದಿದಾಗ ಅಕ್ಕೋರು, “ಮೂಲ್ಯ ಇಲ್ಲದ್ದಕ್ಕೂ ಅಮೂಲ್ಯ ಅನಬಹುದಲ್ಲೋ” ಎಂದರು. ಎರಡನೆಯ ಮೇಲಿಗೂ ಅದೇ ಉತ್ತರ, ಮೂರನೆಯದಕ್ಕೂ ಅದೇ. ಫೋನು ಹಿಡಿದರು. ಫೋನಿನಲ್ಲಿ ಒಮ್ಮೆಯೂ ದನಿ ಏರಿಸಲಿಲ್ಲ. ಮೊದಲು ಆ ಕಡೆಯವರ ಊಟ ಕೇಳುವುದು, ಊರು ಕೇಳುವುದು, ಬೆಂಗಳೂರಿನ ಮಳೆ ಕೇಳುವುದು, ಆಮೇಲೆ ತಮ್ಮ ಬಟನ್ನಿನ ವಿಷಯಕ್ಕೆ ಬರುವುದು. ಆ ಕಡೆ ಇದ್ದ ಹುಡುಗಿ, “ಟೀಚರ್, ನಾನು ಮೇಲಿನವ್ರಿಗೆ ಹೇಳ್ತೀನಿ” ಎಂದರೆ, “ಹೇಳವಾ. ಮುಂದಿನ ವಾರ ಕೇಳತೇನಿ” ಎನ್ನುವರು. ಮುಂದಿನ ವಾರ ಕೇಳಿಯೇ ಕೇಳುವರು. ಕಂಪನಿಯವರು ತಿರುಗಿ ನನಗೆ ಫೋನು ಮಾಡಿ, “ಅವರನ್ನ ಸ್ವಲ್ಪ ಸಮಾಧಾನ ಮಾಡಿ ಸಾರ್” ಎನ್ನುತ್ತಿದ್ದರು. ಸಮಾಧಾನವಾಗಿಯೇ ಇದ್ದವರನ್ನು ಇನ್ನೇನು ಸಮಾಧಾನ ಮಾಡುವುದು?

ಕೊನೆಗೆ ಕಂಪನಿ ತನ್ನ ಒಬ್ಬ ತರುಣ ಇಂಜಿನಿಯರನನ್ನು ಕಳಿಸಿಕೊಡಲು ಒಪ್ಪಿತು. ರವಿವಾರ ಅಕ್ಕೋರ ಮನೆಗೆ ಊಟಕ್ಕೆ ಬರಬೇಕು, ಅಲ್ಲಿಯೇ ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ನೋಡಬೇಕು ಎಂದು ನಿಗದಿಯಾಯಿತು. ನಾನು ಬೆಳಿಗ್ಗೆಯೇ ಎಂ.ಕೆ. ಹುಬ್ಬಳ್ಳಿಗೆ ಹೋಗಿ ಕುಳಿತೆ. ರೊಟ್ಟಿ ಬಡಿದು, ಎಣ್ಣೆಗಾಯಿ ಮಾಡಿ, ಮೊಸರು ಹೆಪ್ಪಿಟ್ಟು ಎಲ್ಲ ತಯಾರು. ಅತಿಥಿ ಮಾತ್ರ ಪತ್ತೆಯಿಲ್ಲ. ಮಧ್ಯಾಹ್ನ ಫೋನು ಬಂತು.

“ಮೇಡಂ, ನಾನು ಹುಬ್ಳೀಲಿದ್ದೀನಿ. ಇಲ್ಲಿ ರೈಲ್ವೆ ಸ್ಟೇಷನ್ ಹತ್ರ ಸಕ್ಕರೆ ಫ್ಯಾಕ್ಟರಿ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ.”

ಅವನು ಹೋಗಿ ನಿಂತದ್ದು ದೊಡ್ಡ ಹುಬ್ಬಳ್ಳಿಯಲ್ಲಿ. ಆಫೀಸಿನಲ್ಲಿ ಯಾರೋ ವಿಳಾಸ ಬರೆದುಕೊಳ್ಳುವಾಗ ಹೆಸರಿನ ಮುಂದಿದ್ದ ‘ಎಂ.ಕೆ.’ ಎನ್ನುವ ಎರಡಕ್ಷರ ದಂಡವೆಂದು ಕೈಬಿಟ್ಟಿದ್ದರು. ಅಲ್ಲಿಂದ ಧಾರವಾಡ, ಧಾರವಾಡದಿಂದ ಕಿತ್ತೂರು ದಾಟಿ ಅವನು ನಮ್ಮನ್ನು ಮುಟ್ಟುವುದರಲ್ಲಿ ಬಿಸಿಲು ಇಳಿದಿತ್ತು. ಅಕ್ಕೋರು ಕೈಕಾಲಿಗೆ ನೀರು ಕೊಡಿಸಿ, ತಾವೇ ಬಡಿಸಿದರು. ಅವನು ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿಯ ಖಾರಕ್ಕೆ ಕಣ್ಣು ಒರೆಸಿಕೊಳ್ಳುತ್ತ ಕುಳಿತಿದ್ದಾಗ ಮಾತು ತೆಗೆದರು.

“ಇವತ್ತ ಎಷ್ಟ ತ್ರಾಸ ಆತು ನಿಮಗ?”

“ತುಂಬಾ ಸುತ್ತಾಡ್ಬಿಟ್ಟೆ ಮೇಡಂ. ಹುಬ್ಳಿ ಅಂತ ಅಷ್ಟೇ ಇತ್ತು, ಯಾವ ಹುಬ್ಳಿ ಅಂತ ಇರ್ಲಿಲ್ಲ.”

“ಎರಡ ಅಕ್ಷರ ಬಿಟ್ಟಿದ್ರು, ಒಂದಿನ ಹೋತು ನಿಮ್ಮದು. ನಿಮ್ಮ ವೆಬ್‌ಸೈಟಿನ್ಯಾಗ ನನಗ ಬಟನ್ ಅಂತ ಅಷ್ಟ ಐತಿ, ಯಾವ ಬಟನ್ ಅಂತ ಇಲ್ಲ. ನಾ ದಿನಾ ದೊಡ್ಡ ಹುಬ್ಬಳ್ಳಿಗೆ ಹೋಗಿ ಬರಾಕತ್ತೇನಿ ನೋಡ್ರಿ.”

ನಿಜ ಹೇಳುತ್ತೇನೆ, ಆ ಮಾತಿನವರೆಗೂ ನನಗೂ ಈ ವಿಷಯ ಮೈಗೆ ಹತ್ತಿರಲಿಲ್ಲ. ಅವನು ಕೈ ತೊಳೆದು ಬಂದು, “ಬೇರೆ ಯಾರೂ ಇದನ್ನ ಕೇಳಿಲ್ಲ ಮೇಡಂ, ಅದಕ್ಕೇ...” ಎಂದು ರಾಗ ತೆಗೆದ. ಅಕ್ಕೋರು, “ಕೇಳಾಕ ಅವರು ಒಳಗ ಬರಬೇಕಲ್ಲ. ಒಳಗ ಬರಾಕ ಬರೂದಿಲ್ಲ ಅನ್ನೂದ ನನ್ನ ತಕರಾರು” ಎಂದು ಲ್ಯಾಪ್‌ಟಾಪು ಅವನ ಕಡೆ ಸರಿಸಿದರು. ರಾತ್ರಿಯ ಬಸ್ಸು ಹತ್ತುವ ಮೊದಲು ಅವನು ಪ್ರತಿಯೊಂದು ಬಟನ್ನನ್ನೂ ವದರಪ್ಪನ ಬಾಯಿಂದಲೇ ಕೇಳಿಸಿಕೊಂಡು, ಒಂದು ಗಂಟು ಹಿಂಡಿಯನ್ನೂ ಕಟ್ಟಿಸಿಕೊಂಡು ಹೋದ.

ಕೆಲ ವಾರಗಳಲ್ಲಿ ಹೊಸ ಆವೃತ್ತಿ ಬಂತು. ಪ್ರತಿ ಬಟನ್ನಿಗೂ ಹೆಸರು, ಅದೂ ಕನ್ನಡದಲ್ಲಿ. ಅಕ್ಕೋರಿಗೆ ತಡೆಯಲಾಗಲಿಲ್ಲ. ಮನೆಯಲ್ಲಿ ಒಮ್ಮೆ ನೋಡಿಕೊಳ್ಳಿರಿ ಎಂದು ನಾನು ಹೇಳಿದರೂ ಕೇಳದೆ, ಸೀದಾ ಒಂಬತ್ತನೆಯ ತರಗತಿಯಲ್ಲೇ ತೆರೆದರು. ಲ್ಯಾಪ್‌ಟಾಪು ದೊಡ್ಡ ಸ್ಪೀಕರಿಗೆ ಜೋಡಿಸಿತ್ತು. ಏನಾದರೂ ಕೈಕೊಟ್ಟರೆ ಇರಲಿ ಎಂದು ನಾನು ಬಾಗಿಲಲ್ಲಿ ನಿಂತಿದ್ದೆ. ಅಕ್ಕೋರು ಮೊದಲ ಕೀಲಿ ಒತ್ತಿದರು. ವದರಪ್ಪ ಇಡೀ ಸಾಲೆಗೆ ಕೇಳುವಂತೆ ಹೇಳಿದ:

“ಆಡು ಗುಂಡಿ.”

ಹಿಂದಿನ ಬೆಂಚಿನಿಂದ ಒಬ್ಬ ಗಂಭೀರವಾಗಿ, “ಅಕ್ಕೋರ, ಆಡು ಗುಂಡ್ಯಾಗ ಬಿದ್ದೈತ್ರಿ” ಎಂದ. ಮುಂದಿನ ಬೆಂಚಿನ ಹುಡುಗಿ, “ಬಿದ್ದಿಲ್ರಿ, ಆಡು ಅಂಗಿ ತೊಟ್ಟೈತ್ರಿ, ಅದರ ಗುಂಡಿ” ಎಂದಳು. ಅಲ್ಲಿಗೆ ಕಟ್ಟೆ ಒಡೆಯಿತು. ಕಂಪನಿಯವರು ಹೆಸರುಗಳನ್ನೆಲ್ಲ ಅನುವಾದದ ಯಂತ್ರಕ್ಕೆ ಕೊಟ್ಟು ಕೈ ತೊಳೆದುಕೊಂಡಿದ್ದರು. ಪ್ಲೇ ಎನ್ನುವುದನ್ನು ಯಂತ್ರ ‘ಆಡು’ ಮಾಡಿತ್ತು, ಬಟನ್ನು ‘ಗುಂಡಿ’ ಆಗಿತ್ತು. ಹಿಂದಕ್ಕೆ ಸುತ್ತುವ ರಿವೈಂಡ್ ಬಟನ್ನಿಗೆ ‘ಮರು ಗಾಳಿ’ ಎಂದು ಹೆಸರು. ಅಕ್ಕೋರು ಮೇಜು ಹಿಡಿದುಕೊಂಡು ನಕ್ಕರು, ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ನಕ್ಕರು. ಪಕ್ಕದ ಕೋಣೆಯಿಂದ ಕಪ್ಪೆಯ ಮಾಸ್ತರರು ಬಂದು ಇಣುಕಿ, “ಈ ಸಲ ಏನ್ ಹೋತ್ರಿ?” ಎಂದರು.

ಮುಂದಿನ ಬಟನ್ನಿಗೆ ವದರಪ್ಪ “ಮೂಕ ಗುಂಡಿ” ಎಂದ. ದನಿ ಬಂದ್ ಮಾಡುವ ಬಟನ್ ಅದು. ಹುಡುಗರು ಇದಕ್ಕೂ ನಕ್ಕರು, ಅಕ್ಕೋರು ನಗಲಿಲ್ಲ.

“ತಮ್ಮಾ, ಇದನ್ನ ಮೊದಲ ತೆಗಸು. ಮನಷ್ಯಾರಿಗೆ ಅಂದು ನೋಯಿಸೂ ಮಾತು ಬಟನ್ನಿಗೆ ಇಡೂದು ಬ್ಯಾಡ.”

ಆಮೇಲೆ ಅವರು ಮಾಡಿದ್ದು ನೋಡಿ. ಆ ಪೀರಿಯಡ್ಡಿನಲ್ಲಿ ಇತಿಹಾಸ ಕಟ್ಟಿಟ್ಟು, ಪ್ರತಿ ಬಟನ್ನಿಗೂ ಏನೆನ್ನಬೇಕೆಂದು ಹುಡುಗರನ್ನೇ ಕೇಳಿದರು. ‘ದನಿ ಬಂದ್’ ಆಯಿತು, ‘ಹಿಂದಕ್ಕೆ’ ಆಯಿತು, ‘ಮುಂದಕ್ಕೆ’ ಆಯಿತು, ‘ನಿಲ್ಲಿಸು’ ಆಯಿತು. ಪ್ಲೇ ಎನ್ನುವುದಕ್ಕೆ ಇಡೀ ತರಗತಿ ಒಂದೇ ದನಿಯಲ್ಲಿ ‘ಹಚ್ಚು’ ಎಂದಿತು. ನಮ್ಮ ಕಡೆ ದೀಪ ಹಚ್ಚುತ್ತಾರೆ, ಬಣ್ಣ ಹಚ್ಚುತ್ತಾರೆ, ರೇಡಿಯೊ ಹಚ್ಚುತ್ತಾರೆ, ಹಾಡೂ ಹಚ್ಚುತ್ತಾರೆ. ಅಕ್ಕೋರು ಅಲ್ಲಿಂದಲೇ ಇಂಜಿನಿಯರನಿಗೆ ಫೋನು ಹಚ್ಚಿದರು. ಅವನು ಎಲ್ಲ ಹೆಸರನ್ನೂ ಒಪ್ಪಿದ, ಇದೊಂದಕ್ಕೆ ಮಾತ್ರ ತಕರಾರು ತೆಗೆದ.

“ಮೇಡಂ, ಹಚ್ಚು ಅಂದ್ರೆ ನಮ್ ಕಡೆ ಬೆಂಕಿ ಹಚ್ಚೋದು ಅಂದ್ಕೋತಾರೆ. ವೀಡಿಯೊ ಹಾಕೋದು ಅಂತೀವಿ ನಾವು.”

“ಹಾಕೂದಂದ್ರ ಎಲ್ಲೆ ಹಾಕತೀರಿ? ಬಾವ್ಯಾಗೇನು?”

ಎರಡು ಊರಿನ ಕನ್ನಡ ಅರ್ಧ ಗಂಟೆ ಹಗ್ಗಜಗ್ಗಾಟ ಆಡಿತು. ಕೊನೆಗೆ ಎರಡೂ ಕಡೆಗೆ ಒಪ್ಪುವ ‘ಶುರು ಮಾಡು’ ಗೆದ್ದಿತು. ಅಕ್ಕೋರು ಅದೊಂದರಲ್ಲಿ ಸೋತರು. ಫೋನು ಇಟ್ಟು, “ಹೋಗಲಿ ಬಿಡು, ‘ನಿಲ್ಲಿಸು’ ನನ್ನ ಕೈಗೆ ಬಂತಲ್ಲ” ಎಂದರು.

ಬಂತು. ಸರಿಯಾದ ಹೆಸರುಗಳು ಬಂದ ಮೇಲೆ ಒಂದು ದಿನ ಹೆಡ್‌ಮಾಸ್ತರರು ಹಿಂದಿನ ಬೆಂಚಿನಲ್ಲಿ ಕುಳಿತು ಅವರ ಪಾಠ ನೋಡಿದರು. ವೀಡಿಯೊದ ಹೆಣ್ಣುದನಿ ‘ಇದು ಕಿತ್ತೂರಿನ’ ಎನ್ನುವುದರೊಳಗೆ ಅಕ್ಕೋರ ಬೆರಳು ಬಿತ್ತು, ಚಿತ್ರ ಪರದೆಯ ಮೇಲೆ ನಿಂತಿತು. “ಹಾಂ, ಏನೈತಿ ಹೇಳ್ರಿ.” ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಹೇಳತೊಡಗಿದರು. ಕಲ್ಲಿನ ಸಂದಿಯಲ್ಲಿ ಹುಲ್ಲು ಬೆಳೆದದ್ದು, ಬಾಗಿಲ ಮೂಲೆಯಲ್ಲಿ ನಾಯಿ ಮಲಗಿದ್ದು ಎಲ್ಲ ಹೊರಬಂತು. ಹೆಡ್‌ಮಾಸ್ತರರು ತಮಗರಿವಿಲ್ಲದೆ ಕೈ ಎತ್ತಿ, “ಎಡಕ ಒಂದ ಬೋರ್ಡ್ ಐತ್ರಿ” ಎಂದರು. ಗ್ರಂಥಾಲಯದ ಮಾತು ಆಮೇಲೆ ಸಾಲೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ನಾನು ಅವರಿಗೆ ಋಣಿ ಎಂದು ಹೇಳುವುದು ಸುಲಭ, ಹೇಗೆ ಎಂದು ಹೇಳುತ್ತೇನೆ. ಈಗ ಅಂಗಡಿಯಲ್ಲಿ ವೆಬ್‌ಸೈಟುಗಳನ್ನೂ ಮಾಡಿಕೊಡುತ್ತೇನೆ, ಯಾವುದು ಮಾಡಿದರೂ ಗಿರಾಕಿಗೆ ಒಪ್ಪಿಸುವ ಮೊದಲು ರೀಡರ್ ಹಚ್ಚಿ ಪೂರ್ತಿ ಕೇಳುತ್ತೇನೆ. ಯಾರೂ ಕೇಳದಿದ್ದರೂ ಕೇಳುತ್ತೇನೆ. ರಾಮದುರ್ಗದಲ್ಲಿ ಬಟ್ಟೆ ಅಂಗಡಿ ಇಟ್ಟ ಒಬ್ಬ ಗಿರಾಕಿ, “ಕಣ್ಣ ಕಾಣದವರು ನನ್ನ ಅಂಗಡಿ ವೆಬ್‌ಸೈಟ್ ನೋಡಾಕ ಬರತಾರೇನ್ರಿ?” ಎಂದು ನಗಾಡಿದಾಗ, ಬಟ್ಟೆಯನ್ನು ಕೈಯಿಂದ ಮುಟ್ಟಿ ಅವರಷ್ಟು ಚೆನ್ನಾಗಿ ಆರಿಸುವವರು ಯಾರೂ ಇಲ್ಲವೆಂದು ಹೇಳಿ ಅವನ ಬಾಯಿ ಮುಚ್ಚಿಸಿದೆ. ಜಗಳ ಎಂದರೆ ಅಲರ್ಜಿ ಇದ್ದ ನನಗೆ ಊಟ ಕೇಳುತ್ತ, ಮಳೆ ಕೇಳುತ್ತ ಜಗಳವಾಡುವುದನ್ನು ಕಲಿಸಿದವರು ಅಕ್ಕೋರು.

ಈ ವರ್ಷ ಅವರು ನಿವೃತ್ತರಾದರು. ಕೊನೆಯ ದಿನದ ಕೊನೆಯ ಪಾಠ ಒಂಬತ್ತನೆಯ ತರಗತಿಗೆ ಇತ್ತು. ಬೆಂಗಳೂರಿನ ಆ ಇಂಜಿನಿಯರ್ ಈ ಸಲ ಸರಿಯಾದ ಬಸ್ಸು ಹತ್ತಿ ಬಂದಿದ್ದ. ಹೆಡ್‌ಮಾಸ್ತರರು, ಉಳಿದ ಮಾಸ್ತರರು, ಅಕ್ಕೋರ ಗಂಡ ಎಲ್ಲ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಅಕ್ಕೋರು ಪರದೆಯ ಮೇಲೆ ಪಾಠ ನಡೆಸುವುದನ್ನು ಎಲ್ಲರೂ ನೋಡಲಿ ಎಂದು ನಾನು ಬೆಳಿಗ್ಗೆಯೇ ಹೋಗಿ ವಯರುಗಳನ್ನೆಲ್ಲ ಬಿಗಿ ಮಾಡಿ, ಲ್ಯಾಪ್‌ಟಾಪು ತೆರೆದಿಟ್ಟಿದ್ದೆ. ಇಂಜಿನಿಯರ್ ಮೊಬೈಲಿನಲ್ಲಿ ಚಿತ್ರೀಕರಿಸಲು ತಯಾರಾಗಿ ನಿಂತಿದ್ದ.

ಅಕ್ಕೋರು ಒಳಗೆ ಬಂದರು. ಮೇಜು ಮುಟ್ಟಿದರು, ಲ್ಯಾಪ್‌ಟಾಪು ಕೈಗೆ ಹತ್ತಿತು. ಅದನ್ನು ಮೆಲ್ಲಗೆ ಮುಚ್ಚಿ ಬದಿಗೆ ಸರಿಸಿದರು. ಮೇಜಿನ ಅಂಚಿಗೆ ಒರಗಿ ನಿಂತು, ಪೀರಿಯಡ್ ಮುಗಿಯುವವರೆಗೆ ಬಾಯಿಮಾತಿನಲ್ಲೇ ಪಾಠ ಹೇಳಿದರು. ನಡುವೆ ಹುಡುಗರನ್ನು ನಗಿಸಿದರು, ಒಬ್ಬನನ್ನು ಗದರಿಸಿದರು. ಗಂಟೆ ಹೊಡೆಯಿತು. ಹಾರ, ಭಾಷಣ, ಫೋಟೊ ಎಲ್ಲ ಆದವು.

ಜನ ಕರಗಿದ ಮೇಲೆ ನಾನು ಹತ್ತಿರ ಹೋಗಿ, ಮನಸ್ಸಿಗೆ ಸ್ವಲ್ಪ ನೋವಾಗಿಯೇ ಕೇಳಿದೆ: “ಅಕ್ಕೋರ, ಯಾಕ ಹಚ್ಚಲಿಲ್ರಿ? ಎಲ್ಲಾ ತಯಾರ ಮಾಡಿದ್ನಲ್ಲ.”

“ಇವತ್ತಿನ ಪಾಠಕ್ಕ ಅದು ಬೇಕಾಗಿದ್ದಿಲ್ಲೋ, ಅದಕ ಹಚ್ಚಲಿಲ್ಲ.” ನನ್ನ ತೋಳು ಹಿಡಿದರು. “ಮೊದಲ ನಾ ಹಚ್ಚಲಿಲ್ಲಂದ್ರ, ‘ಪಾಪ, ಅವರಿಗೆ ಬರೂದಿಲ್ಲ’ ಅಂತಿದ್ರು. ಇವತ್ತ ಯಾರಾರ ‘ಪಾಪ’ ಅಂದ್ರೇನು?”

ನಾನು ನೆನಪು ಮಾಡಿಕೊಂಡೆ. ಹಿಂದೆ ಕುಳಿತವರಲ್ಲಿ ಒಬ್ಬರೂ ಅಂದಿರಲಿಲ್ಲ. ಪಾಠ ಚೆನ್ನಾಗಿತ್ತು ಎಂದಷ್ಟೇ ಅಂದಿದ್ದರು.

“ಇಲ್ರಿ ಅಕ್ಕೋರ, ಯಾರೂ ಅನ್ನಲಿಲ್ಲ.”

“ಇದರ ಸಲುವಾಗೇನ ನಾ ಇಷ್ಟ ದಿನಾ ಬಡದಾಡಿದ್ದು ತಮ್ಮಾ. ನಡಿ, ಬಸ್ಸಿಗೆ ಹೊತ್ತಾತು.”